ಆಳು ಕಳಿಸಿ ಹೇಳಿದಂತೆ

ಸತ್ತವರಿಂದ ನಮ್ಮ ಪತ್ರಿಕೆ ಬದುಕಿತು ಅಂತ ನಾನು ಅಂದಾಗಲೆಲ್ಲ ನಮ್ಮನೆಯವರಿಗೆ ಸಿಟ್ಟು ನೆತ್ತಿಗೇರುತ್ತಿತ್ತು. "ನಿನ್ನ ನಾಲಿಗೆಗೆ ಎಲುಬಿಲ್ಲ ಮಾರಾಯ್ತಿ, ಯಾರಾದ್ರೂ ಕೇಳಿಸ್ಕೊಂಡಾರು" ಅನ್ನೋರು. ಕೇಳಿಸಿಕೊಳ್ಳಲಿ. ಈಗ ಅವರೂ ಇಲ್ಲ, ಪತ್ರಿಕೆಯೂ ಇಲ್ಲ, ಮುಚ್ಚಿಡುವ ವಯಸ್ಸನ್ನು ನಾನೂ ದಾಟಿದ್ದೇನೆ.

ಸಾಗರದ ಪೇಟೆಯಲ್ಲಿ, ಒಂದು ಜವಳಿ ಅಂಗಡಿಯ ಹಿಂದಿನ ಉದ್ದನೆಯ ಕೋಣೆಯಲ್ಲಿ ನಮ್ಮ ಪ್ರೆಸ್ಸು. ವಾರಕ್ಕೊಮ್ಮೆ, ಶುಕ್ರವಾರ, ನಾಲ್ಕು ಪುಟದ ಪತ್ರಿಕೆ. ಸಂಪಾದಕರು ಅವರು, ವರದಿಗಾರರು ಅವರು, ಟ್ರೆಡಲ್ ಮಷೀನು ತುಳಿಯುವವರೂ ಅವರೇ. ಅಚ್ಚುಮೊಳೆ ಜೋಡಿಸಲು ಒಬ್ಬ ಕಂಪಾಸಿಟರ್ ಇದ್ದ. ಅವನು ಶಿವಮೊಗ್ಗದ ದೊಡ್ಡ ಪ್ರೆಸ್ಸಿಗೆ ಹೋದ ಮರುದಿನ ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಅಚ್ಚುಮೊಳೆಯ ಖಾನೆಗಳ ಮುಂದೆ ನಿಂತೆ. "ನಿನ್ನ ಕೈಲಿ ಆಗತ್ತಾ?" ಅಂದರು. ಅಕ್ಕಿಯಲ್ಲಿ ಕಲ್ಲು ಆರಿಸುವ ಕೈಗೆ ಇದೇನು ಮಹಾ ಅಂದೆ. ಒಂದು ತಿಂಗಳು ಬೆರಳ ತುದಿಯೆಲ್ಲ ಕಪ್ಪಾಗಿ, ಊಟಕ್ಕೆ ಕೂತರೆ ಅನ್ನವೂ ಕಪ್ಪು. ಆಮೇಲೆ ಉಲ್ಟಾ ಅಕ್ಷರವನ್ನು ನೇರ ಅಕ್ಷರಕ್ಕಿಂತ ಬೇಗ ಓದುವಷ್ಟಾದೆ.

ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನೀರು ನಿಂತ ಮೇಲೆ ನಮಗೆ ಗ್ರಹಚಾರ ಶುರುವಾಯಿತು. ಮುಳುಗಿದ ಊರುಗಳಲ್ಲಿ ನಮ್ಮ ಚಂದಾದಾರರಿದ್ದರು. ಅಂಚೆಯಲ್ಲಿ ಹೋದ ಪತ್ರಿಕೆ ಹಾಗೇ ವಾಪಸು ಬರತೊಡಗಿತು. ಪತ್ರಿಕೆಗೆ ಸುತ್ತಿದ ವಿಳಾಸದ ಪಟ್ಟಿಯ ಮೇಲೆ ಪೋಸ್ಟ್‌ಮ್ಯಾನ್ ಪೆನ್ಸಿಲಿನಲ್ಲಿ ಬರೆದಿರುತ್ತಿದ್ದ: "ಊರು ಬಿಟ್ಟಿದ್ದಾರೆ." "ವಿಳಾಸ ತಿಳಿಯದು." ಒಂದರ ಮೇಲೆ ಬರೀ "ಊರಿಲ್ಲ" ಅಂತಿತ್ತು. ನಮ್ಮನೆಯವರು ಅವನ್ನೆಲ್ಲ ಗೋಡೆಗೆ ಒತ್ತಿ ಪೇರಿಸಿಟ್ಟು, ಅದರ ಎದುರೇ ಕೂತು ಸಂಪಾದಕೀಯ ಬರೆಯೋರು. ಪೇರಿಕೆ ಅವರ ಭುಜದ ಮಟ್ಟಕ್ಕೆ ಬಂದಾಗ ನನಗೆ ಹೆದರಿಕೆಯಾಯಿತು. ಪತ್ರಿಕೆ ನಿಂತರೆ ನಮ್ಮವರೂ ನಿಂತುಹೋಗುತ್ತಾರೆ ಅನ್ನಿಸುತ್ತಿತ್ತು. ಬೇರೆ ಕೆಲಸ ಬಾರದ ಮನುಷ್ಯ.

ಒಂದು ದಿನ ಹೊಸನಗರ ಕಡೆಯ ಹೆಂಗಸೊಬ್ಬಳು ಪ್ರೆಸ್ಸಿಗೆ ಬಂದು, "ನಮ್ಮಕ್ಕನ ಮನೆಯೋರಿಗೆ ಎಲ್ಲಿ ಜಾಗ ಕೊಟ್ರು ಗೊತ್ತಾ?" ಅಂತ ಕೇಳಿದಳು. ನಮಗೆ ಹೇಗೆ ಗೊತ್ತಾಗಬೇಕು? "ಪೇಪರಿನವರಿಗೆ ಗೊತ್ತಿರದಿದ್ರೆ ಮತ್ಯಾರಿಗೆ ಗೊತ್ತಿರತ್ತೆ?" ಅಂತ ಬೈದು ಹೋದಳು. ಆ ಬೈಗಳೇ ನಮ್ಮನ್ನು ಉಳಿಸಿತು. ಮುಂದಿನ ವಾರದಿಂದ ಎರಡನೇ ಪುಟದಲ್ಲಿ "ಎಲ್ಲಿದ್ದಾರೆ?" ಅಂತ ಒಂದು ಅಂಕಣ. ಊರು ಬಿಟ್ಟವರು ಒಂದು ಕಾರ್ಡು ಬರೆದರೆ ಸಾಕು, ಹಳೇ ಊರು, ಹೊಸ ಊರು, ಅಂಚೆ ಯಾವುದು, ಬಸ್ಸು ಎಲ್ಲಿ ನಿಲ್ಲುತ್ತದೆ, ಎಲ್ಲ ಪುಕ್ಕಟೆ ಹಾಕುತ್ತಿದ್ದೆವು. ಅದು ನನ್ನ ಉಪಾಯ. ಕೊನೆತನಕ ಅವರು ತಮ್ಮದು ಅಂತಲೇ ಸಾಧಿಸಿದರು, ಇರಲಿ.

ಕಾರ್ಡುಗಳು ಬಂದವು, ಬಂದವು, ಬರುತ್ತಲೇ ಹೋದವು. ಅಂಚೆಯನ್ನು ನಂಬದೆ ಬಸ್ಸಿನ ಕಂಡಕ್ಟರುಗಳ ಕೈಗೆ ಕಟ್ಟು ಕೊಟ್ಟು ಕಳಿಸಲು ಶುರು ಮಾಡಿದೆವು. ಆನಂದಪುರ, ರಿಪ್ಪನ್‌ಪೇಟೆ, ಹೊಸನಗರ, ತೀರ್ಥಹಳ್ಳಿ, ಹೀಗೆ ಬಸ್ಸು ನಿಂತಲ್ಲಿನ ಹೋಟೆಲಿನಲ್ಲಿ ಕಟ್ಟು ಇಳಿಯುತ್ತಿತ್ತು. ಕಾಫಿ ಕುಡಿಯಲು ಬಂದವರು ಎರಡನೇ ಪುಟವನ್ನೇ ಮೊದಲು ತೆಗೆಯೋರು. ಕಳೆದುಹೋದ ನೆಂಟರು ಸಿಕ್ಕಿದ ಮೇಲೆ ಲಗ್ನಪತ್ರಿಕೆ ಅಚ್ಚು ಹಾಕಿಸಲೂ ನಮ್ಮ ಹತ್ತಿರವೇ ಬಂದರು. ಮಷೀನು ಬಿಡುವಿಲ್ಲದೆ ತಿರುಗಿತು. ಗೋಡೆಯ ಪೇರಿಕೆ ಕರಗಿತು.

ಆಮೇಲೆ ಸಾವಿನ ಸುದ್ದಿ ಬಂತು. ಹಿಂದೆಲ್ಲ ಯಾರಾದರೂ ತೀರಿಕೊಂಡರೆ ದಾಯಾದಿಗಳ ಮನೆಮನೆಗೆ ಆಳು ಕಳಿಸಿ ಹೇಳಬೇಕು. ಒಂದೇ ಮೂಲದ ಮನೆಗಳವರಿಗೆಲ್ಲ ಹತ್ತು ದಿನ ಸೂತಕ. ದೇವರ ದೀಪ ಹಚ್ಚುವಂತಿಲ್ಲ, ಮದುವೆ ಮುಂಜಿ ಮಾಡುವಂತಿಲ್ಲ. ಈಗ ದಾಯಾದಿಗಳೆಲ್ಲ ನಾಲ್ಕು ದಿಕ್ಕಿಗೆ ಚೆದುರಿದ ಮೇಲೆ ಆಳು ಎಲ್ಲಿಗೆ ಹೋಗಬೇಕು? ಹಾಗಾಗಿ ನಮ್ಮ ಪತ್ರಿಕೆಯೇ ಆಳಾಯಿತು. ಮರಣವಾರ್ತೆಯ ಕೊನೆಗೆ ನಮ್ಮನೆಯವರು ಒಂದು ಸಾಲು ಸೇರಿಸಿದರು: "ದಾಯಾದಿಗಳು ಇದನ್ನೇ ಆಳು ಕಳಿಸಿ ಹೇಳಿದಂತೆ ತಿಳಿಯಬೇಕು." ಬರೆದು ಎಷ್ಟು ಹಿಗ್ಗಿದ್ದರು ಅಂತೀರಿ! ಜನ ಅದನ್ನು ಹಾಗೇ ತಿಳಿದರು. ಓದಿದವರು ಪತ್ರಿಕೆ ಕೆಳಗಿಟ್ಟು ಸೀದಾ ಬಾವಿಗೆ ಹೋಗಿ ತಲೆಗೆ ನೀರು ಹೊಯ್ದುಕೊಳ್ಳುತ್ತಿದ್ದರು. ಅದನ್ನು ಕೇಳಿದ ದಿನದಿಂದ ಸತ್ತವರ ಹೆಸರನ್ನು ಎರಡೆರಡು ಸಲ ಓದಿಯೇ ಕೂರಿಸುತ್ತಿದ್ದೆ.

ನಮ್ಮಲ್ಲಿ ಮೊಳೆ ಕಮ್ಮಿ. ಅದಕ್ಕೆ ಮರಣವಾರ್ತೆಯ ಸಾಲುಗಳನ್ನು ಬಿಚ್ಚದೆ, ಚೌಕಟ್ಟಿನ ಹಾಗೆ ದಾರ ಕಟ್ಟಿ ಹಾಗೇ ಎತ್ತಿಡುತ್ತಿದ್ದೆ. ವಾರ ವಾರ ಹೆಸರು, ಹಳೇ ಊರು, ತಿಥಿ ಮಾತ್ರ ತೆಗೆದು ಹೊಸತು ಕೂರಿಸಿದರೆ ಆಯಿತು. ಕೆಲಸ ಹಗುರ ಅಂತ ನಾನೇ ಹುಡುಕಿದ ದಾರಿ ಅದು.

ಅದೊಂದು ವೈಶಾಖ. ಕಾಗದದ ಪರ್ಮಿಟ್ಟಿಗಾಗಿ ನಮ್ಮನೆಯವರು ಗುರುವಾರ ಅಚ್ಚು ಮುಗಿಸಿ ಶಿವಮೊಗ್ಗಕ್ಕೆ ಹೋದವರು ಭಾನುವಾರವೇ ಬರುವುದಿತ್ತು. ಶುಕ್ರವಾರ ಬೆಳಿಗ್ಗೆ ಕಟ್ಟುಗಳನ್ನು ನಾನೇ ಬಸ್ಸಿಗೆ ಹಾಕಿಸಿ ಬಂದು, ಮೊಳೆ ಬಿಚ್ಚಿ ಖಾನೆಗೆ ಹಾಕುತ್ತಾ ಕೂತೆ. ಮರಣವಾರ್ತೆ ಕೈಗೆ ಬಂತು. ಹೆಸರು ಸರಿ, ತಿಥಿ ಸರಿ. ಊರಿನ ಸಾಲು ಓದಿದೆ. ಇನ್ನೊಮ್ಮೆ ಓದಿದೆ. ಅದು ಹೋದ ವಾರ ತೀರಿಕೊಂಡವರ ಊರು. ಈ ವಾರದ್ದನ್ನು ಜೋಡಿಸಿಟ್ಟಿದ್ದೆ, ಆದರೆ ಚೌಕಟ್ಟಿಗೆ ಕೂರಿಸಲು ಮರೆತಿದ್ದೆ. ಜೋಡಿಸಿದ ಸಾಲು ಮೇಜಿನ ಮೂಲೆಯಲ್ಲಿ ಹಾಗೇ ಬಿದ್ದಿತ್ತು, ನನ್ನನ್ನೇ ನೋಡುತ್ತಾ.

ಹೋಗಲಿ, ಒಂದು ತಪ್ಪು, ಮುಂದಿನ ವಾರ ತಿದ್ದಿದರಾಯಿತು ಅನ್ನಬಹುದಿತ್ತು. ಆದರೆ ಆ ಹೆಸರು, ಆ ಊರು, ಎರಡೂ ಒಟ್ಟಿಗೆ ನನಗೆ ಗೊತ್ತಿತ್ತು. ಹದಿನೈದು ದಿನದ ಹಿಂದೆ ನಾನೇ ಜೋಡಿಸಿದ ಲಗ್ನಪತ್ರಿಕೆಯಲ್ಲಿ ಮನೆಯ ಹಿರಿಯರು ಅಂತ ಮೊದಲ ಸಾಲಿನಲ್ಲಿದ್ದ ಹೆಸರು ಅದು! ಓಡಿಹೋಗಿ ಪ್ರತಿ ತೆಗೆದು ನೋಡಿದೆ. ಅದೇ ಹೆಸರು, ಅದೇ ಮುಳುಗಿದ ಊರು, ಈಗ ವಾಸ ಹೊಸನಗರದ ಹತ್ತಿರ. ಮದುವೆ ಅವರ ದಾಯಾದಿಯ ಮಗಳದ್ದು, ತೀರ್ಥಹಳ್ಳಿಯಿಂದ ಆರು ಮೈಲಿ ಒಳಗೆ, ಆ ಮನೆಯವರಿಗೆ ಹೊಸದಾಗಿ ಜಾಗ ಸಿಕ್ಕಿದ ಊರಿನಲ್ಲಿ. ಮುಹೂರ್ತ ಭಾನುವಾರ. ಬದುಕಿರುವ ಮನುಷ್ಯನನ್ನು ಸಾಯಿಸಿ ನಾನು ಆ ಮದುವೆಮನೆಗೆ ಸೂತಕ ಕಳಿಸಿದ್ದೆ. ಮದುವೆಗೆ ಮುಂಚಿನ ನಾಂದಿಶಾಸ್ತ್ರ ಆದ ಮೇಲಾದರೆ ಸೂತಕ ತಟ್ಟುವುದಿಲ್ಲ ಅಂತಾರೆ. ನಾಂದಿ ಇರುವುದು ಮದುವೆಯ ದಿನ ಬೆಳಿಗ್ಗೆ. ಪತ್ರಿಕೆ ಅವರ ಕೈ ಸೇರುವುದು ಇವತ್ತೇ ಸಂಜೆ.

ಪೋಸ್ಟಾಫೀಸಿಗೆ ಓಡಿದೆ. ತಂತಿ ಕೊಟ್ಟರೆ ತೀರ್ಥಹಳ್ಳಿಗೆ ಇವತ್ತೇ ಹೋಗುತ್ತದೆ, ಆದರೆ ಅಷ್ಟು ಒಳಗಿನ ಊರಿಗೆ ಮುಟ್ಟುವುದು ಸೋಮವಾರ ಅಂದರು ಪೋಸ್ಟ್ ಮಾಸ್ಟರು. ಮುಟ್ಟಿದರೂ ಏನು? ಅಚ್ಚಾದದ್ದನ್ನು ನಂಬಿದವರು ತಂತಿಯನ್ನು ನಂಬುತ್ತಾರೋ ಇಲ್ಲವೋ. ಹೋಗಿ ನಿಂತು ಹೇಳಬೇಕು. ಬರೀ ನಾನು ಹೇಳಿದರೆ ಸಾಲದು, ಸತ್ತವರನ್ನೇ ಕರೆದುಕೊಂಡು ಹೋಗಿ ನಿಲ್ಲಿಸಬೇಕು ಅನ್ನಿಸಿತು.

ಸರಿಯಾದ ಊರು ಯಾವುದು ಅಂತ ಖಾತ್ರಿ ಮಾಡಿಕೊಳ್ಳಲು ಸರಿಗೆಗೆ ಚುಚ್ಚಿದ್ದ ಕಾರ್ಡನ್ನು ಕಿತ್ತುಕೊಂಡೆ. ತೀರಿಕೊಂಡವರ ಹೆಂಡತಿ ಆನಂದಪುರದ ಹತ್ತಿರದಿಂದ ಬರೆಸಿದ್ದು. ಯಜಮಾನರು ಭಾನುವಾರ ಹೋದರು, ಗಂಡುಮಕ್ಕಳಿಲ್ಲ. ಮೈದುನ ಊರು ಮುಳುಗಿದ ಮೇಲೆ ತೀರ್ಥಹಳ್ಳಿ ಕಡೆಗೆ ಹೋದವರು, ಎಲ್ಲಿದ್ದಾರೋ ತಿಳಿಯದು, ನಿಮ್ಮ ಪತ್ರಿಕೆ ನೋಡಿದರೆ ಬಂದಾರು, ಹತ್ತನೇ ದಿನದ ಕೆಲಸವಾದರೂ ಅವರ ಕೈಯಿಂದ ಆಗಲಿ, ಅಂತ ಬರೆದಿತ್ತು. ಓದಿದೆ. ಕಣ್ಣಿಗೆ ಬಿತ್ತೇ ಹೊರತು ತಲೆಗೆ ಹೋಗಲಿಲ್ಲ. ನನ್ನ ತಲೆ ತುಂಬ ಮದುವೆಮನೆ. ಕಾರ್ಡನ್ನು ಚೀಲಕ್ಕೆ ತುರುಕಿ, ಪ್ರೆಸ್ಸಿಗೆ ಬೀಗ ಹಾಕಿ ಮಧ್ಯಾಹ್ನದ ಬಸ್ಸು ಹಿಡಿದೆ.

ಸಂಜೆ ಹೊಸನಗರದ ಹತ್ತಿರ ಆ ಮನೆ ಹುಡುಕಿ ಹೋದಾಗ ಯಜಮಾನರು ಅಂಗಳದಲ್ಲಿ ಕೋಲು ಹಿಡಿದು ಹಲಸಿನ ಹಪ್ಪಳಕ್ಕೆ ಕಾಗೆ ಕಾಯುತ್ತಾ ಕೂತಿದ್ದರು. ಅವರನ್ನು ಕಂಡು ನನಗೆ ಅಳುವೇ ಬಂತು. ಎಪ್ಪತ್ತು ದಾಟಿದ ಮುದುಕರು, ಸಣಕಲು ದೇಹ. ಪತ್ರಿಕೆಯನ್ನೇ ಅವರ ಕೈಗಿಟ್ಟೆ. ಕನ್ನಡಕ ಏರಿಸಿ ನಿಧಾನ ಓದಿದರು. ಅವರ ಮನೆಮಾತು ನನ್ನ ಶಿವಮೊಗ್ಗ ಪೇಟೆಯ ನಾಲಿಗೆಗೆ ಬಾರದಿದ್ದರೂ ಕಿವಿಗೆ ಚೆನ್ನಾಗಿ ಗೊತ್ತಿತ್ತು.

"ಎಂತ ತಂಗಿ ಇದು? ಇಷ್ಟು ಚೊಲೋ ಸತ್ತಿದ್ನಾ ನಾನು?" ಅಂದರು.

ತಪ್ಪೆಲ್ಲ ಹೇಳಿಕೊಂಡೆ. ಮದುವೆಗೆ ಅವರು ಹೊರಟಿರಲಿಲ್ಲ, ಮಂಡಿನೋವು, ಬಸ್ಸು ಹತ್ತಲಾಗುವುದಿಲ್ಲ ಅಂತ ಮೊದಲೇ ಹೇಳಿ ಕಳಿಸಿದ್ದರಂತೆ. ದಮ್ಮಯ್ಯ ಮಾವ, ನೀವು ಬಾರದಿದ್ದರೆ ಆ ಹುಡುಗಿಯ ಮದುವೆ ಮುರಿಯುತ್ತದೆ ಅಂದೆ. ಅವರು ಮಂಡಿ ನೀವಿಕೊಂಡು, ಹಪ್ಪಳಕ್ಕೆ ಬಂದ ಕಾಗೆಯತ್ತ ಕೋಲು ಬೀಸಿದರು.

"ಸತ್ತವಂಗೆ ಮಂಡಿನೋವು ಎಲ್ಲಿಂದ ಬಂತು? ಬೆಳಿಗ್ಗೆ ಮೊದಲ ಬಸ್ಸಿಗೆ ಹೋಪನ" ಅಂದರು.

ಶನಿವಾರದ ಆ ಬಸ್ಸು ನನ್ನ ಆಯುಷ್ಯ ತಿಂದಿತು. ಕೆಂಪು ಧೂಳು, ಊರೂರಿಗೆ ನಿಲುಗಡೆ. ಹುಂಚದಲ್ಲಿ ಮಠಕ್ಕೆ ಹೋಗುವವರು ಇಳಿದ ಮೇಲೆ, ಇಂಜಿನ್ನಿಗೆ ನೀರು ಹಾಕಬೇಕು ಅಂತ ಡ್ರೈವರು ಕೊಡ ಹಿಡಿದು ಹೊರಟ. ಅಷ್ಟೊತ್ತಿಗೆ ಮದುವೆಮನೆಯಲ್ಲಿ ಚಪ್ಪರ ಬಿಚ್ಚಿದರೋ ಏನೋ, ಗಂಡಿನ ಕಡೆಯವರಿಗೆ ಹೇಳಿ ಕಳಿಸಿದರೋ ಏನೋ, ಗಂಡಿನವರು ಇದನ್ನೇ ಅಪಶಕುನ ಅಂತ ಹಿಡಿದು ಸಂಬಂಧವೇ ಬೇಡ ಅಂದರೋ ಏನೋ. ಸುಮ್ಮನೆ ಕೂರಲಾಗದೆ ಬಸ್ಸಿನಿಂದ ಇಳಿದೆ, ಹತ್ತಿದೆ, ಮತ್ತೆ ಇಳಿದೆ. ಯಜಮಾನರು ಕಿಟಕಿಯಿಂದ, "ತಂಗೀ, ನೀನು ನೂಕಿದ್ರೆ ಬಸ್ಸು ಹೋಗ್ತಿಲ್ಲೆ, ಬಂದು ಕೂತ್ಕ" ಅಂತ ನಕ್ಕರು. ಸತ್ತವರಿಗೇ ಇಲ್ಲದ ಚಿಂತೆ ನನಗೆ.

ಬಸ್ಸು ಹೊರಟ ಮೇಲೆ ಅವರು, "ಹಂಗಾರೆ ನಿಜವಾಗಿ ಸತ್ತದ್ದು ಯಾರು?" ಅಂದರು. ಚೀಲದಿಂದ ಕಾರ್ಡು ತೆಗೆದು ಓದಿ ಹೇಳಿದೆ. "ಪಾಪ" ಅಂದರು. ನಾನೂ ಪಾಪ ಅಂದೆ. ಅಂದು ಮತ್ತೆ ರಸ್ತೆ ನೋಡತೊಡಗಿದೆ.

ತೀರ್ಥಹಳ್ಳಿಯಲ್ಲಿ ಇಳಿದು, ಸಂಜೆಯ ಬಸ್ಸಿಗೆ ಕಾಯಲಾರದೆ ಒಂದು ಎತ್ತಿನ ಗಾಡಿ ಗೊತ್ತು ಮಾಡಿ ಆ ಊರು ಮುಟ್ಟಿದಾಗ ಮೂರು ಗಂಟೆ. ಚಪ್ಪರ ಇತ್ತು. ಚಪ್ಪರದಡಿ ಸದ್ದಿರಲಿಲ್ಲ. ಗಂಡಸರು ಕಂಬಕ್ಕೊರಗಿ ಕೂತಿದ್ದರು, ಅಡಿಗೆ ಒಲೆಗೆ ನೀರು ಹೊಯ್ದು ಆರಿಸಿದ್ದರು. ಪಾತ್ರೆಗಳೆಲ್ಲ ಬೋರಲು. ಯಜಮಾನರು ಗಾಡಿಯಿಂದ ಇಳಿದು, ಕೋಲೂರಿಕೊಂಡು, "ಎಂತ, ನನ್ನ ಬಿಟ್ಟು ಊಟ ಮಾಡ್ಲೆ ಹೊರಟಿದ್ರಾ?" ಅಂತ ಕೂಗಿದರು. ಒಳಗಿಂದ ಯಾರೋ ಹೆಂಗಸು ಕಿಟಾರನೆ ಕಿರುಚಿದಳು. ಹುಡುಗಿಯ ತಂದೆ ಬರಿಗಾಲಲ್ಲಿ ಓಡಿಬಂದರು. ಯಜಮಾನರ ಕೈ ಮುಟ್ಟಿದರು, ಭುಜ ಮುಟ್ಟಿದರು, ಆಮೇಲೆ ಅಲ್ಲೇ ನೆಲಕ್ಕೆ ಕೂತು ಗಳಗಳ ಅತ್ತುಬಿಟ್ಟರು.

ಅತ್ತು ಮುಗಿಸಿ ನನ್ನ ಕಡೆ ತಿರುಗಿದರು. "ನಿಂಗಳ ಪತ್ರಿಕೆಗೆ ಬೆಂಕಿ ಹಾಕ!" ಅಂದರು. ಇನ್ನೂ ಏನೇನೋ ಅಂದರು, ಬರೆಯುವಂಥದ್ದಲ್ಲ. ನಾನು ತಲೆ ತಗ್ಗಿಸಿ ನಿಂತೆ. ಉಗಿಸಿಕೊಳ್ಳುವುದಕ್ಕೇ ಹೋದವಳು. ಗಂಡಿನ ಮನೆಗೆ ಬೆಳಿಗ್ಗೆಯೇ ಮದುವೆ ನಿಂತಿತು ಅಂತ ಆಳು ಹೋಗಿದ್ದ. ಅವನ ಹಿಂದೆ ಇನ್ನೊಬ್ಬನನ್ನು ಸೈಕಲ್ಲಿನಲ್ಲಿ ಅಟ್ಟಿದರು. ಬಾಯಿ ಸೋತ ಮೇಲೆ ಹುಡುಗಿಯ ತಂದೆಯೇ, "ಆಸರಿಗೆ ಕುಡಿ. ಮದುವೆ ಊಟ ಮಾಡದ್ದೆ ಹೋಪಲಿಲ್ಲೆ" ಅಂತ ಒಳಗೆ ಕಳಿಸಿದರು.

ಆಸರಿಗೆ ಅಂತ ಬೆಲ್ಲದ ಪಾನಕ ತಂದುಕೊಟ್ಟವರು ಅಡಿಗೆಭಟ್ಟರು. ನಲವತ್ತೈದರ ಆಸುಪಾಸು, ನಗುಮುಖ, ಹೆಗಲ ಮೇಲೆ ಕೆಂಪು ಪಂಚೆ. ಬೆಳಿಗ್ಗೆ ಸೌಟು ಜಾಲರಿ ಎಲ್ಲ ಕಟ್ಟಿಕೊಂಡು ಹೊರಟವರು ಬಸ್ಸು ತಪ್ಪಿ ವಾಪಸು ಬಂದಿದ್ದರಂತೆ. ಪುಣ್ಯ ಅಂದೆ. ಇಲ್ಲದಿದ್ದರೆ ಐನೂರು ಜನರ ಅಡಿಗೆಗೆ ಆ ಹೊತ್ತಿನಲ್ಲಿ ಎಲ್ಲಿಂದ ಜನ ತರುವುದು?

"ಪೇಪರಿನ ಅಕ್ಕ ನೀವೇಯಾ?" ಅಂದರು. "ನಿಮ್ಮ ಪೇಪರು ಪ್ರತಿ ವಾರ ಹೋಟೆಲ್ಲಲ್ಲಿ ಓದ್ತೀನಿ. ನಿನ್ನೆ ಆ ಹೆಸರು ನೋಡಿ ನಂಗೆ ಜೀವ ಬಾಯಿಗೆ ಬಂತು ನೋಡಿ. ನಮ್ಮಣ್ಣನ ಹೆಸರೂ ಅದೇ. ಆಮೇಲೆ ಊರು ಓದಿದೆ. ನಮ್ಮೂರಲ್ಲ. ಅಬ್ಬಾ ಅನ್ನಿಸ್ತು."

ನಿಮ್ಮೂರು ಯಾವುದು ಅಂತ ಕೇಳಬೇಕಾಗಿರಲಿಲ್ಲ. ಆದರೂ ಕೇಳಿದೆ. ಹೇಳಿದರು. ಮೇಜಿನ ಮೂಲೆಯಲ್ಲಿ ನಾನು ಬಿಟ್ಟುಬಂದ ಸಾಲು ಅದೇ.

ಲೋಟವನ್ನು ಪಕ್ಕಕ್ಕಿಟ್ಟೆ. ಅವರು ಗಮನಿಸಲಿಲ್ಲ. ಅಣ್ಣನ ವಿಳಾಸ ಸಿಕ್ಕಿದ್ದೇ ನಮ್ಮ "ಎಲ್ಲಿದ್ದಾರೆ?"ಯಿಂದ, ಆನಂದಪುರದ ಹತ್ತಿರ, ಹದಿನೈದು ದಿನದ ಹಿಂದೆ. ಕಾಗದ ಯಾಕೆ ಬರೆಯಬೇಕು, ಈ ಮದುವೆ ಮುಗಿಸಿ ನಾನೇ ಹೋಗಿ ಎದುರಿಗೆ ನಿಲ್ಲುತ್ತೇನೆ ಅಂತ ಹೇಳುತ್ತಲೇ ಇದ್ದರು. "ಅಣ್ಣಂಗೆ ನನ್ನ ಕೈ ಲಾಡು ಅಂದ್ರೆ ಪ್ರಾಣ. ನಾಳೆ ನಾಲ್ಕು ಎತ್ತಿಟ್ಕೊಂಡು ಹೋಗ್ತೀನಿ." ಆಮೇಲೆ ತಟ್ಟನೆ, "ಹೌದು, ಈ ಯಜಮಾನರು ಬದುಕಿದ್ರೆ, ತೀರಿಹೋದೋರು ಯಾರು ಹಾಗಾದ್ರೆ? ಯಾವ ಊರು?" ಅಂತ ಕೇಳಿದರು.

ಹೇಳಿದರೆ ಆ ಕ್ಷಣದಿಂದ ಅವರಿಗೆ ಸೂತಕ. ಕಿವಿಗೆ ಬಿದ್ದ ಮೇಲೆಯೇ ಸೂತಕ, ಅಲ್ಲಿಯವರೆಗೆ ಇಲ್ಲ. ಹೇಳಿದರೆ ಅವರು ಆ ಒಲೆಯ ಹತ್ತಿರ ಹೋಗುವಂತಿಲ್ಲ. ಒಮ್ಮೆ ನಾನೇ ನಿಲ್ಲಿಸಿದ ಮದುವೆಯನ್ನು ಇನ್ನೊಮ್ಮೆ ನಾನೇ ನಿಲ್ಲಿಸಿದ ಹಾಗೆ. ಹೇಳದಿದ್ದರೆ? ಅವರ ಅತ್ತಿಗೆ ಕಾರ್ಡು ಬರೆಸಿದ್ದೇ ಈ ಒಂದು ಕಿವಿಗಾಗಿ.

ಕಂಬದ ಪಕ್ಕದಲ್ಲಿ ಹೊಸನಗರದ ಯಜಮಾನರು ಕೂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ನನ್ನನ್ನೇ ನೋಡಿ ತಲೆಯನ್ನು ಬಲಕ್ಕೊಮ್ಮೆ ಎಡಕ್ಕೊಮ್ಮೆ ಮೆಲ್ಲಗೆ ಆಡಿಸಿದರು.

"ಊರು ನೆನಪಿಲ್ಲ ಭಟ್ರೇ. ಕಾರ್ಡು ಪ್ರೆಸ್ಸಲ್ಲೇ ಇದೆ" ಅಂದೆ.

ಚೀಲ ನನ್ನ ತೊಡೆಯ ಮೇಲಿತ್ತು.

ಅವರು ನಂಬಿದರು. ಅಷ್ಟೇ ಅಲ್ಲ, ಸೊಂಟದಲ್ಲಿದ್ದ ಸಣ್ಣ ಗಂಟು ಬಿಚ್ಚಿ ಒಂದು ವರ್ಷದ ಚಂದಾ ನನ್ನ ಕೈಗೆ ಹಾಕಿದರು. ತೀರ್ಥಹಳ್ಳಿಯಲ್ಲಿ ಅವರು ಹಿಡಿದಿದ್ದ ಕೋಣೆಯ ವಿಳಾಸ ಬರೆಸಿದರು. "'ಎಲ್ಲಿದ್ದಾರೆ?'ಯಲ್ಲಿ ನನ್ನದೂ ಹಾಕಿ. ಅಣ್ಣ ನೋಡ್ಲಿ" ಅಂದರು. ಬರೆದುಕೊಂಡೆ. ಬರೆದುಕೊಳ್ಳದೆ ಏನು ಮಾಡಲಿ?

ಒಲೆ ಮತ್ತೆ ಹತ್ತಿತು. ಅವರು ಹೋದ ಮೇಲೆ ಯಜಮಾನರು ಹತ್ತಿರ ಸರಿದು, "ಕೇಳದ್ದೆ ಇದ್ರೆ ಸೂತಕ ಇಲ್ಲೆ ತಂಗಿ. ಶಾಸ್ತ್ರವೇ ಹಂಗಿದ್ದು. ಧಾರೆ ಆಗ್ಲಿ, ಊಟ ಆಗ್ಲಿ, ಆಮೇಲೆ ಹೇಳು. ಹತ್ತನೇ ದಿನ ಮಂಗಳವಾರ ಅಲ್ದಾ, ಮುಟ್ತ" ಅಂದರು. ಲೆಕ್ಕ ಸರಿಯಾಗಿಯೇ ಇತ್ತು. ಭಾನುವಾರ ಸಂಜೆಯ ಬಸ್ಸು ಹಿಡಿದರೂ ಹತ್ತನೇ ದಿನಕ್ಕೆ ಮುಟ್ಟುತ್ತಿದ್ದರು. ಶಾಸ್ತ್ರದ ಪ್ರಕಾರ ಯಾರಿಗೂ ಏನೂ ಕೆಡುತ್ತಿರಲಿಲ್ಲ. ಆದರೂ ಉಳಿದ ಪಾನಕವನ್ನು ಚೆಲ್ಲಿ ಎದ್ದೆ.

ಅಡಿಗೆಯ ಚಪ್ಪರದಲ್ಲಿ ನೆರವಿಗೆ ಹೆಂಗಸರು ಕಮ್ಮಿ ಅಂತ ನನ್ನನ್ನೂ ಕರೆದರು. ಭಟ್ಟರ ಎದುರೇ ಕೂತು ಏಲಕ್ಕಿ ಸುಲಿದೆ. ಅವರು ಬಿಸಿ ಬೂಂದಿಯನ್ನು ಅಂಗೈಗೆ ತೆಗೆದುಕೊಂಡು, ಉಫ್ ಉಫ್ ಅಂತ ಊದುತ್ತಾ, ಲಾಡು ಕಟ್ಟುತ್ತಾ, ಅಣ್ಣನ ಕತೆಗಳನ್ನು ಹೇಳುತ್ತಾ ಹೋದರು. ಹೊಳೆ ದಾಟುವಾಗ ಅಣ್ಣ ಹೆಗಲ ಮೇಲೆ ಹೊತ್ತದ್ದು, ಮೊದಲ ಸಲ ಸೌಟು ಹಿಡಿಸಿದ್ದು, ಊರು ಬಿಡುವ ದಿನ ಮಾತಿಗೆ ಮಾತು ಬೆಳೆದು ಬೇರೆ ಬೇರೆ ಗಾಡಿ ಹತ್ತಿದ್ದು. "ನಾನೇ ಸೋತು ಹೋಗ್ತೀನಿ ಬಿಡಿ, ಚಿಕ್ಕೋನಲ್ವಾ" ಅಂದರು. ಅಕ್ಕಪಕ್ಕದ ಹೆಂಗಸರು ನಕ್ಕರು. ನಾನೂ ನಗಬೇಕಾಯಿತು. ಮೂರು ಸಲ ಎದ್ದು ಹೇಳಿಬಿಡಲು ಬಾಯಿ ತೆರೆದೆ. ಮೂರು ಸಲವೂ ಒಳಗಿನಿಂದ ಮದುಮಗಳ ಬಳೆಯ ಸದ್ದು ಕೇಳಿ ಕೂತೆ. ಕೊನೆಗೆ ಅವರು ನಾಲ್ಕು ಲಾಡನ್ನು ಬಾಳೆಲೆಯಲ್ಲಿ ಸುತ್ತಿ, ಬಾಳೆನಾರಿನಲ್ಲಿ ಕಟ್ಟಿ, ಯಾರೂ ಮುಟ್ಟದ ಹಾಗೆ ಚಪ್ಪರದ ಗಳುವಿಗೆ ಸಿಕ್ಕಿಸಿದರು.

ಭಾನುವಾರ ಗಂಡಿನ ಕಡೆಯವರು ಬಂದರು. ಸೈಕಲ್ಲಿನವನು ಗಂಡಿನವರ ಊರಬಾಗಿಲಲ್ಲೇ ಮೊದಲಿನ ಆಳನ್ನು ಹಿಡಿದಿದ್ದನಂತೆ, ಹಾಗಾಗಿ ಅವರಿಗೆ ಏನೂ ಗೊತ್ತೇ ಇರಲಿಲ್ಲ. ನಾಂದಿ ಆಯಿತು, ಧಾರೆ ಆಯಿತು. ಹುಡುಗಿಯ ತಂದೆ ನನ್ನನ್ನು ಕರೆದು ಮುಂದೆ ಕೂರಿಸಿದರು. ಪಂಕ್ತಿಯಲ್ಲಿ ಭಟ್ಟರು ನನ್ನ ಎಲೆಗೆ ಎರಡು ಲಾಡು ಬಡಿಸಿ, "ಅಕ್ಕ ನಿನ್ನೆಯಿಂದ ಏನೂ ತಿಂದಿಲ್ಲ" ಅಂತ ಎಲ್ಲರಿಗೂ ಕೇಳುವ ಹಾಗೆ ಅಂದರು. ತಿಂದೆ. ಹೇಗೆ ತಿಂದೆ ಅಂತ ಕೇಳಬೇಡಿ.

ಎರಡನೇ ಪಂಕ್ತಿ ಎದ್ದ ಮೇಲೆ ಅವರು ಹಿತ್ತಲಲ್ಲಿ ಬಾವಿಕಟ್ಟೆಯ ಹತ್ತಿರ ಒಬ್ಬರೇ ಕಾಲು ಚಾಚಿ ಕೂತಿದ್ದರು. ಹೋದೆ. ಕಾರ್ಡು ತೆಗೆದು ಕೊಟ್ಟೆ.

ಓದಿದರು. ತಿರುಗಿಸಿ ವಿಳಾಸದ ಕಡೆ ನೋಡಿದರು, ಮತ್ತೆ ತಿರುಗಿಸಿ ಓದಿದರು. ಅಳಲಿಲ್ಲ. ಕಾರ್ಡನ್ನು ಕಟ್ಟೆಯ ಮೇಲೆ ಜೋಪಾನವಾಗಿಟ್ಟು, ಉಟ್ಟ ಬಟ್ಟೆಯಲ್ಲೇ ಕೊಡ ಸೇದಿ ಸೇದಿ ತಲೆಗೆ ಸುರಿದುಕೊಂಡರು. ಎಷ್ಟು ಕೊಡವೋ ನಾನು ಎಣಿಸಲಿಲ್ಲ. ಆಮೇಲೆ ತೊಟ್ಟಿಕ್ಕುತ್ತಾ ನನ್ನ ಎದುರು ನಿಂತರು.

"ನಿನ್ನೆ ನಾನು ಕೇಳಿದಾಗ ಈ ಕಾರ್ಡು ಎಲ್ಲಿತ್ತು ಅಕ್ಕ?"

"ಚೀಲದಲ್ಲಿ."

"ನಾನು ಲಾಡು ಕಟ್ಟುವಾಗ?"

"ಚೀಲದಲ್ಲೇ."

ತಲೆಯಾಡಿಸಿದರು. ಬೈದಿದ್ದರೆ ಚೆನ್ನಾಗಿತ್ತು. ಹುಡುಗಿಯ ತಂದೆ ಬೈದ ಹಾಗೆ, ನಿನ್ನ ಪತ್ರಿಕೆಗೆ ಬೆಂಕಿ ಹಾಕ ಅಂದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಸೌಟು ಜಾಲರಿಯ ಗಂಟನ್ನೂ ತೆಗೆದುಕೊಳ್ಳದೆ ಒದ್ದೆ ಬಟ್ಟೆಯಲ್ಲೇ ಬಸ್ಸಿಗೆ ನಡೆದರು. ಬಾಳೆಲೆಯ ಪೊಟ್ಟಣ ಗಳುವಿನಲ್ಲೇ ಉಳಿಯಿತು.

ಮುಂದಿನ ಶುಕ್ರವಾರ ಮೊದಲ ಪುಟದಲ್ಲೇ ತಪ್ಪೊಪ್ಪಿಗೆ ಹಾಕಿದೆವು. ನಮ್ಮನೆಯವರು ಬರೆದರು, ನಾನು ಜೋಡಿಸಿದೆ. ಸತ್ತವರ ಊರು, ಬದುಕಿದವರ ಊರು, ಎರಡನ್ನೂ ದಪ್ಪ ಅಕ್ಷರದಲ್ಲಿ. ನಾನು ಭಟ್ಟರಿಗೆ ಹೇಳಿದ ಸುಳ್ಳು ಮಾತ್ರ ಅದರಲ್ಲಿ ಇರಲಿಲ್ಲ. ಪತ್ರಿಕೆ ಮುಳುಗುತ್ತದೆ ಅಂತ ನಾನು ನಡುಗುತ್ತಿದ್ದರೆ ಆದದ್ದೇ ಬೇರೆ. ಹೊಸನಗರದ ಯಜಮಾನರು ಹೋದಲ್ಲೆಲ್ಲ ತಮ್ಮ ಸಾವಿನ ಕತೆ ಹೇಳಿದ್ದೇ ಹೇಳಿದ್ದು. ಸತ್ತವರನ್ನು ಬಸ್ಸಲ್ಲಿ ಕರೆತಂದ ಪತ್ರಿಕೆ ಅಂತ ಮೂರು ತಾಲ್ಲೂಕಿನಲ್ಲಿ ಮಾತಾಯಿತು. ಹೊಸ ಚಂದಾದಾರರು ಬಂದರು. ಆ ಮದುವೆಮನೆಯವರೂ ಬಂದರು. ನಾನು ಚೌಕಟ್ಟನ್ನು ಪೂರ್ತಿ ಬಿಚ್ಚಿ ಹಾಕಿ, ಆಮೇಲೆ ಪ್ರತಿ ಮರಣವಾರ್ತೆಯನ್ನೂ ಮೊದಲಿನಿಂದ ಜೋಡಿಸಿದೆ. ತಡವಾಗುತ್ತದೆ ಅಂತ ನಮ್ಮನೆಯವರು ಗೊಣಗಿದರು. ಗೊಣಗಲಿ ಅಂದೆ.

ತಪ್ಪೊಪ್ಪಿಗೆಯ ಆ ಸಂಚಿಕೆಯಲ್ಲಿ ಭಟ್ಟರ ಪ್ರತಿಯನ್ನು ಕಂಡಕ್ಟರ ಕೈಗೆ ಕೊಡದೆ ಅಂಚೆಯಲ್ಲೇ ಕಳಿಸಿದ್ದೆ, ಪಟ್ಟಿಯ ಮೇಲೆ ವಿಳಾಸವನ್ನು ನನ್ನ ಕೈಯಾರೆ ಬರೆದು. ಹತ್ತು ದಿನದ ಮೇಲೆ ಅದು ವಾಪಸು ಬಂತು. ಎಷ್ಟೋ ದಿನದ ಮೇಲೆ ನಮ್ಮ ಪ್ರೆಸ್ಸಿಗೆ ವಾಪಸು ಬಂದ ಮೊದಲ ಪತ್ರಿಕೆ. ಪಟ್ಟಿ ಬಿಚ್ಚಿರಲಿಲ್ಲ. ಊರು ಬಿಟ್ಟಿದ್ದಾರೋ ಏನೋ, ಕೋಣೆ ಬದಲಿಸಿದ್ದಾರೋ ಏನೋ ಅಂದುಕೊಂಡು ಬೆಳಕಿಗೆ ಹಿಡಿದೆ. ತೀರ್ಥಹಳ್ಳಿಯ ಪೋಸ್ಟ್‌ಮ್ಯಾನ್ ಪೆನ್ಸಿಲಿನಲ್ಲಿ ಗುಂಡಗೆ ಬರೆದಿದ್ದ: "ವಿಳಾಸದಾರರು ಇದ್ದಾರೆ. ಪತ್ರಿಕೆ ಬೇಡ ಎಂದಿದ್ದಾರೆ."